ಶೇಕಡಾ ಐದು ಎಂಬ ಸಣ್ಣ ಅಂಕಿ

(ಹೆತ್ತವರ ಸಮಾವೇಶವೊಂದರಲ್ಲಿ ಮಾಡಿದ ಭಾಷಣದ ಲಿಖಿತ ರೂಪ)





ಮಾದಕ ವ್ಯಸನದ ವಿರುದ್ಧ ಮಾತನಾಡಬೇಕೆಂದು ಸಂಘಟಕರು ನನ್ನನ್ನು ಕೇಳಿಕೊಂಡಿದ್ದರು. ಗಾಂಜಾ, ಎಂಡಿಎಂಎ ಮುಂತಾದವುಗಳ ಬಗ್ಗೆ ನಮ್ಮ ವೇದಿಕೆಗಳಲ್ಲಿ ಸಾಕಷ್ಟು ಭಾಷಣಗಳಾಗಿವೆ. ಅವುಗಳನ್ನು ಕೇಳಿ ನಾವೆಲ್ಲರೂ ತಲೆದೂಗಿದ್ದೇವೆ ಮತ್ತು ನಮ್ಮ ಮಕ್ಕಳು ಹಾಗಿಲ್ಲ ಎಂಬ ಸಮಾಧಾನದೊಂದಿಗೆ ಮನೆಗೆ ಮರಳಿದ್ದೇವೆ. ಆದ್ದರಿಂದ ಇಂದು ನಾನು ಅವುಗಳ ಬಗ್ಗೆ ಮಾತನಾಡುವುದಿಲ್ಲ. ನಮ್ಮ ಮಕ್ಕಳ ಚೀಲದಲ್ಲಿ ಈಗಾಗಲೇ ಇರಬಹುದಾದ ಒಂದು ವಸ್ತುವಿನ ಬಗ್ಗೆ ಮತ್ತು ಅದರ ಮೇಲೆ ಮುದ್ರಿಸಿರುವ ಒಂದು ಅಂಕಿಯ ಬಗ್ಗೆ ಮಾತ್ರ ಮಾತನಾಡುತ್ತೇನೆ.

ಕೆಲವು ತಿಂಗಳ ಹಿಂದೆ ಪರಿಚಿತ ಕುಟುಂಬದ ತಾಯಿಯೊಬ್ಬರು ನನ್ನನ್ನು ಮನೆಗೆ ಕರೆಸಿಕೊಂಡರು. ಪಿಯುಸಿ ಓದುತ್ತಿದ್ದ ಮಗನ ಚೀಲದಲ್ಲಿ ಅವರಿಗೆ ಅಂಗೈಯಲ್ಲಿ ಅಡಗುವಷ್ಟು ದೊಡ್ಡದಾದ, ಬಣ್ಣಬಣ್ಣದ ಪ್ಲಾಸ್ಟಿಕ್ ವಸ್ತುವೊಂದು ಸಿಕ್ಕಿತ್ತು. ಮೂಗಿನ ಬಳಿ ಹಿಡಿದರೆ ಮಾವಿನಹಣ್ಣಿನ ಪರಿಮಳ. ಗಲ್ಫ್‌ನಿಂದ ರಜೆಯಲ್ಲಿ ಬಂದಿದ್ದ ಸಂಬಂಧಿಕರೊಬ್ಬರು ಅತ್ತರು, ಚಾಕೊಲೇಟುಗಳೊಂದಿಗೆ ಇದನ್ನೂ ತಂದಿದ್ದರಂತೆ. ಅದೊಂದು ವೇಪ್, ಅಂದರೆ ಬಳಸಿ ಬಿಸಾಡುವ ಇ-ಸಿಗರೇಟು. ತಾಯಿ ಮಗನನ್ನು ಗದರಿಸಿದಾಗ ಅವನು ಅದರ ಮೇಲಿನ ಅಂಕಿಯನ್ನು ತೋರಿಸಿದ್ದ. ಅವರು ನನ್ನಲ್ಲಿ ಕೇಳಿದರು:

“ಮೌಲವಿಯವರೇ, ನೂರರಲ್ಲಿ ಐದೇ ತಾನೇ? ಉಳಿದ ತೊಂಬತ್ತೈದು ಬರೀ ಹಣ್ಣಿನ ರಸವಂತೆ. ಹಾಲಿನ ಪ್ಯಾಕೆಟಿನ ಮೇಲೂ ಮೂರು ಶೇಕಡಾ ಕೊಬ್ಬು ಎಂದು ಬರೆದಿರುವುದಿಲ್ಲವೇ? ಇದು ಅಷ್ಟೊಂದು ಕೆಟ್ಟದ್ದೇ?”

ಸಹೋದರರೇ, ಧೂಮಪಾನದ ಇಸ್ಲಾಮೀ ವಿಧಿಯ ಕುರಿತು ಅರ್ಧ ಗಂಟೆ ಮಾತನಾಡುವಷ್ಟು ಮಾಹಿತಿ ಅಂದು ನನ್ನಲ್ಲಿತ್ತು. ಆದರೆ ಆ ತಾಯಿಯ ಪ್ರಶ್ನೆಗೆ ಉತ್ತರವಿರಲಿಲ್ಲ. ಐದು ಶೇಕಡಾ ಎಂದರೆ ಹೆಚ್ಚೋ ಕಡಿಮೆಯೋ ಎಂಬುದೇ ನನಗೆ ತಿಳಿದಿರಲಿಲ್ಲ. ಆ ನಾಚಿಕೆಯಿಂದ ಕಲಿತದ್ದನ್ನು ಇಂದು ನಿಮ್ಮ ಮುಂದಿಡುತ್ತಿದ್ದೇನೆ.

ಮೊದಲು ಆ ವಸ್ತು ಏನೆಂದು ತಿಳಿಯೋಣ. 2003ರಲ್ಲಿ ಚೀನಾದ ಔಷಧ ತಜ್ಞ ಹೊನ್ ಲಿಕ್ ಎಂಬವರು ಇಂದಿನ ಇ-ಸಿಗರೇಟಿನ ಮಾದರಿಯನ್ನು ರೂಪಿಸಿದರು. ಅದರೊಳಗೆ ಒಂದು ಪುಟ್ಟ ಬ್ಯಾಟರಿ, ಒಂದು ತಂತಿಯ ಸುರುಳಿ ಮತ್ತು ದ್ರಾವಣದಲ್ಲಿ ನೆನೆದ ಹತ್ತಿಯಂತಹ ವಸ್ತು ಇರುತ್ತವೆ. ಬಾಯಿಗಿಟ್ಟು ಎಳೆದಾಗ ಸುರುಳಿಯು ಕಾಯುತ್ತದೆ, ದ್ರಾವಣವು ಮಂಜಿನಂತಾಗಿ ಶ್ವಾಸಕೋಶಕ್ಕಿಳಿಯುತ್ತದೆ. ಆ ದ್ರಾವಣದಲ್ಲಿ ಪ್ರೊಪಿಲೀನ್ ಗ್ಲೈಕಾಲ್, ಗ್ಲಿಸರಿನ್, ಸುವಾಸನೆಯ ರಾಸಾಯನಿಕಗಳು ಮತ್ತು ನಿಕೋಟಿನ್ ಇವೆ. ಆ ತಾಯಿ ಹಣ್ಣಿನ ರಸವೆಂದು ನಂಬಿದ್ದ ತೊಂಬತ್ತೈದರಲ್ಲಿ ಹಣ್ಣಿನ ರಸದ ಒಂದು ಹನಿಯೂ ಇಲ್ಲ.

ಈಗ ಅಂಕಿಗೆ ಬರೋಣ. ಲೆಕ್ಕ ಬಹಳ ಸರಳ. ಒಂದು ಶೇಕಡಾ ಎಂದರೆ ಒಂದು ಮಿಲಿಲೀಟರ್ ದ್ರಾವಣದಲ್ಲಿ ಸುಮಾರು 10 ಮಿಲಿಗ್ರಾಂ ನಿಕೋಟಿನ್ ಎಂದರ್ಥ. ಎರಡು ಶೇಕಡಾ ಎಂದರೆ 20 ಮಿಲಿಗ್ರಾಂ. ಐದು ಶೇಕಡಾ ಎಂದರೆ 50 ಮಿಲಿಗ್ರಾಂ. ಆದರೆ ಇಲ್ಲಿಗೆ ಲೆಕ್ಕ ಮುಗಿಯುವುದಿಲ್ಲ. ಈ ಅಂಕಿಯನ್ನು ಒಳಗಿರುವ ದ್ರಾವಣದ ಪ್ರಮಾಣದಿಂದ ಗುಣಿಸಬೇಕು. ಎರಡು ಮಿಲಿಲೀಟರ್ ದ್ರಾವಣವಿರುವ ಎರಡು ಶೇಕಡಾದ ವೇಪ್‌ನಲ್ಲಿ ಒಟ್ಟು 40 ಮಿಲಿಗ್ರಾಂ ನಿಕೋಟಿನ್ ಇರುತ್ತದೆ. ಆ ಹುಡುಗನ ಕೈಯಲ್ಲಿದ್ದುದು ಹತ್ತು ಮಿಲಿಲೀಟರಿನ, ಐದು ಶೇಕಡಾದ ವೇಪ್. ಅದರಲ್ಲಿದ್ದ ಒಟ್ಟು ನಿಕೋಟಿನ್ 500 ಮಿಲಿಗ್ರಾಂ.

500 ಮಿಲಿಗ್ರಾಂ ಎಂದರೆ ಎಷ್ಟು? ಸಿಗರೇಟಿನೊಂದಿಗೆ ಹೋಲಿಸಿ ನೋಡೋಣ. ಒಂದು ಸಿಗರೇಟಿನ ತಂಬಾಕಿನಲ್ಲಿ ಸುಮಾರು 10ರಿಂದ 12 ಮಿಲಿಗ್ರಾಂ ನಿಕೋಟಿನ್ ಇದ್ದರೂ, ಹೆಚ್ಚಿನ ಭಾಗ ಉರಿದು ಅಥವಾ ಹೊಗೆಯಾಗಿ ಹೊರಗೆ ಹೋಗುತ್ತದೆ. ಸೇದುವವನ ರಕ್ತಕ್ಕೆ ಸೇರುವುದು ಸಾಮಾನ್ಯವಾಗಿ ಒಂದರಿಂದ ಒಂದೂವರೆ ಮಿಲಿಗ್ರಾಂ ಮಾತ್ರ. ವೇಪ್‌ನಲ್ಲಿರುವುದೂ ಪೂರ್ತಿಯಾಗಿ ದೇಹಕ್ಕೆ ಸೇರುವುದಿಲ್ಲ. ಎಷ್ಟು ಸೇರುತ್ತದೆ ಎಂಬುದು ಸುರುಳಿಯ ಶಕ್ತಿ, ಎಳೆಯುವ ದೀರ್ಘತೆ, ಎಳೆಯುವವನ ಅಭ್ಯಾಸ ಇವುಗಳನ್ನು ಅವಲಂಬಿಸಿರುತ್ತದೆ. ಲೆಕ್ಕಕ್ಕಾಗಿ ಅರ್ಧ ಮಾತ್ರ ಸೇರುತ್ತದೆ ಎಂದಿಟ್ಟುಕೊಳ್ಳಿ. ಆಗಲೂ ಅದು 250 ಮಿಲಿಗ್ರಾಂ ಆಯಿತು. ಅಂದರೆ ಕನಿಷ್ಠ 160 ಸಿಗರೇಟುಗಳಿಂದ ಸಿಗುವಷ್ಟು ನಿಕೋಟಿನ್. ಇಪ್ಪತ್ತರ ಪ್ಯಾಕಿನ ಲೆಕ್ಕದಲ್ಲಿ ಎಂಟು ಪ್ಯಾಕು. ಮಗನ ಚೀಲದಲ್ಲಿ ಎಂಟು ಪ್ಯಾಕು ಸಿಗರೇಟು ಸಿಕ್ಕಿದ್ದರೆ ಆ ತಾಯಿ “ಐದೇ ತಾನೇ” ಎಂದು ಕೇಳುತ್ತಿದ್ದರೇ?

ಸಣ್ಣ ಅಂಕಿಯ ಮೋಸ ಇಲ್ಲಿದೆ. ಹಾಲಿನ ಮೂರು ಶೇಕಡಾ ಕೊಬ್ಬಿಗೆ ನಮ್ಮ ದೇಹ ಹೊಂದಿಕೊಂಡಿದೆ. ನಿಕೋಟಿನ್ ಹಾಗಲ್ಲ. ಅದರ ಒಂದು ಮಿಲಿಗ್ರಾಂ ಕೂಡಾ ಮೆದುಳಿನಲ್ಲಿ ತನ್ನ ಗುರುತನ್ನು ಮೂಡಿಸಬಲ್ಲದು. ಶೇಕಡಾವಾರು ಅಂಕಿ ಯಾವಾಗಲೂ “ಯಾವುದರ ಶೇಕಡಾ” ಎಂಬ ಪ್ರಶ್ನೆಯೊಂದಿಗೆ ಬರಬೇಕು. ಆ ಪ್ರಶ್ನೆಯನ್ನು ಕೇಳದವನಿಗೆ ವ್ಯಾಪಾರಿ ಏನನ್ನೂ ಮಾರಬಲ್ಲ.

ಎರಡನೆಯ ವಿಷಯ, ನಿಕೋಟಿನ್ ಸಾಲ್ಟ್. ಸಾಮಾನ್ಯ ನಿಕೋಟಿನ್‌ನ ಪ್ರಮಾಣ ಹೆಚ್ಚಾದರೆ ಗಂಟಲು ಉರಿಯುತ್ತದೆ, ಕೆಮ್ಮು ಬರುತ್ತದೆ. ಮೊದಲ ಬೀಡಿ ಸೇದಿದ ಹುಡುಗನೊಬ್ಬ ಕೆಮ್ಮಿ ಕೆಮ್ಮಿ ಕಣ್ಣೀರಿಟ್ಟು, ಅದನ್ನು ಬಿಸಾಡಿ ಓಡಿದ ಕತೆ ನಿಮ್ಮಲ್ಲಿ ಅನೇಕರಿಗೆ ಗೊತ್ತು. ಆ ಕೆಮ್ಮು ಅಲ್ಲಾಹನು ನಮ್ಮ ಶರೀರದ ಬಾಗಿಲಲ್ಲಿ ನಿಲ್ಲಿಸಿದ ಕಾವಲುಗಾರ. ಈಗಿನ ಕಂಪೆನಿಗಳು ನಿಕೋಟಿನ್‌ಗೆ ಬೆಂಝೋಯಿಕ್ ಆಮ್ಲದಂತಹ ಆಮ್ಲವನ್ನು ಸೇರಿಸಿ ಅದರ ತೀಕ್ಷ್ಣತೆಯನ್ನು ತಗ್ಗಿಸುತ್ತವೆ. ಪ್ರಮಾಣ ಐದು ಶೇಕಡಾ ಇದ್ದರೂ ಗಂಟಲಿಗೆ ತಿಳಿಯುವುದಿಲ್ಲ. ಮೇಲೆ ಮಾವು, ಕಲ್ಲಂಗಡಿ, ಪುದೀನದ ಸುವಾಸನೆ. ಕಾವಲುಗಾರನನ್ನು ಮಲಗಿಸಿ ಮನೆಯೊಳಗೆ ನುಗ್ಗುವ ವಿದ್ಯೆ ಇದು.

ಮೂರನೆಯದು, ಇದಕ್ಕೆ ಕೊನೆಯೆಂಬುದಿಲ್ಲ. ಸಿಗರೇಟು ಉರಿದು ಮುಗಿಯುತ್ತದೆ, ಬೀಡಿ ಆರುತ್ತದೆ. ಅಲ್ಲಿ ಒಂದು ವಿರಾಮವಿದೆ. ವೇಪ್‌ನಲ್ಲಿ ಅದಿಲ್ಲ. ಹೊದಿಕೆಯೊಳಗೆ, ಶೌಚಾಲಯದಲ್ಲಿ, ಬಸ್ಸಿನ ಹಿಂದಿನ ಸೀಟಿನಲ್ಲಿ ಎಲ್ಲೆಂದರಲ್ಲಿ ಒಂದೆರಡು ಸಲ ಎಳೆದು ಜೇಬಿಗಿಳಿಸಬಹುದು. ಬಟ್ಟೆಯಲ್ಲಿ ವಾಸನೆ ಉಳಿಯುವುದಿಲ್ಲ. ಪೆಟ್ಟಿಗೆಯ ಮೇಲೆ ಬರೆದಿರುವ ಸಾವಿರಾರು ‘ಪಫ್’ಗಳ ಲೆಕ್ಕವೂ ಯಂತ್ರದಿಂದ ಎಳೆಸಿ ತೆಗೆದ ಅಂದಾಜು. ಮನುಷ್ಯನ ಎಳೆತ ಅದಕ್ಕಿಂತ ದೀರ್ಘವಾಗಿರಬಹುದು. ತಾನು ದಿನಕ್ಕೆ ಎಷ್ಟು ಸೇವಿಸಿದೆನೆಂದು ಸಿಗರೇಟು ಸೇದುವವನು ಎಣಿಸಿ ಹೇಳಬಲ್ಲ. ವೇಪ್ ಎಳೆಯುವವನು ಹೇಳಲಾರ.

ಎಳೆದ ನಿಕೋಟಿನ್ ಹತ್ತಿಪ್ಪತ್ತು ಸೆಕೆಂಡುಗಳಲ್ಲಿ ಮೆದುಳನ್ನು ತಲುಪುತ್ತದೆ. ಕ್ಷಣಿಕ ಹಿತವನ್ನು ನೀಡುತ್ತದೆ. ಸುಮಾರು ಎರಡು ಗಂಟೆಗಳಲ್ಲಿ ರಕ್ತದಲ್ಲಿ ಅದರ ಪ್ರಮಾಣ ಅರ್ಧಕ್ಕಿಳಿಯುತ್ತದೆ. ಆಗ ಚಡಪಡಿಕೆ ಆರಂಭವಾಗುತ್ತದೆ. ಮನುಷ್ಯನ ಮೆದುಳು ಸುಮಾರು 25ರ ಪ್ರಾಯದವರೆಗೂ ಬೆಳೆಯುತ್ತಲೇ ಇರುತ್ತದೆಂದು ವೈದ್ಯ ವಿಜ್ಞಾನ ಹೇಳುತ್ತದೆ. ಬೆಳೆಯುತ್ತಿರುವ ಮೆದುಳಿಗೆ ಈ ಚಟ ಬಹಳ ಬೇಗ ಅಂಟುತ್ತದೆ, ಏಕಾಗ್ರತೆಯನ್ನೂ ಕೆಡಿಸುತ್ತದೆ. ಆ ಹುಡುಗ ನನ್ನಲ್ಲಿ ಒಂದು ಮಾತು ಹೇಳಿದ. ರಮಝಾನಿನಲ್ಲಿ ತರಾವೀಹ್ ನಮಾಝಿನ ನಡುವೆ ವುಝೂವಿನ ನೆಪದಲ್ಲಿ ಅವನು ಎರಡೆರಡು ಬಾರಿ ಹೊರಗೆ ಹೋಗುತ್ತಿದ್ದನಂತೆ. “ಹೋಗಬಾರದೆಂದು ನಿರ್ಧರಿಸಿಯೇ ಸಫ್‌ನಲ್ಲಿ ನಿಲ್ಲುತ್ತಿದ್ದೆ, ಆದರೂ ಕಾಲು ನಿಲ್ಲುತ್ತಿರಲಿಲ್ಲ” ಎಂದ. ಸೃಷ್ಟಿಕರ್ತನ ಮುಂದೆ ನಿಂತ ಒಬ್ಬ ಯುವಕನನ್ನು ಅಂಗೈಯಗಲದ ಪ್ಲಾಸ್ಟಿಕ್ಕು ಹೊರಗೆಳೆಯುತ್ತದೆ ಎಂದಾದರೆ, ಅವನ ಒಡೆಯ ಯಾರೆಂಬ ಪ್ರಶ್ನೆಯನ್ನು ನಾವು ಕೇಳಿಕೊಳ್ಳಲೇಬೇಕು.

ಇನ್ನು ಆ ಅಂಕಿಯನ್ನಾದರೂ ನಂಬಬಹುದೇ? 2009ರಲ್ಲಿ ಅಮೆರಿಕದ ಆಹಾರ ಮತ್ತು ಔಷಧ ಆಡಳಿತವು ಕೆಲವು ಇ-ಸಿಗರೇಟುಗಳನ್ನು ಪರೀಕ್ಷಿಸಿದಾಗ, ನಿಕೋಟಿನ್ ಇಲ್ಲವೆಂದು ಬರೆದಿದ್ದವುಗಳಲ್ಲಿ ಒಂದನ್ನು ಬಿಟ್ಟು ಉಳಿದೆಲ್ಲದರಲ್ಲೂ ನಿಕೋಟಿನ್ ಪತ್ತೆಯಾಯಿತು. 2023ರ ಫೆಬ್ರವರಿಯಲ್ಲಿ ಬ್ರಿಟನ್ನಿನಲ್ಲಿ ಪ್ರಸಿದ್ಧ ಬ್ರಾಂಡ್ ಒಂದರ ಬಿಸಾಡುವ ವೇಪ್‌ಗಳಲ್ಲಿ ಕಾನೂನಿನ ಮಿತಿಯಾದ ಎರಡು ಮಿಲಿಲೀಟರಿನ ಬದಲು ಮೂರು ಮಿಲಿಲೀಟರಿನಷ್ಟು ದ್ರಾವಣವಿರುವುದು ಬಯಲಾಗಿ, ಮಳಿಗೆಗಳು ಅವುಗಳನ್ನು ಹಿಂತೆಗೆದವು. ಬಿಗಿಯಾದ ಕಾನೂನಿರುವ ದೇಶದ ಸ್ಥಿತಿಯೇ ಇದು. ಬ್ರಿಟನ್ ಮತ್ತು ಯುರೋಪಿಯನ್ ಒಕ್ಕೂಟದಲ್ಲಿ ಒಂದು ಮಿಲಿಲೀಟರಿಗೆ 20 ಮಿಲಿಗ್ರಾಂ, ಅಂದರೆ ಎರಡು ಶೇಕಡಾ ಎಂಬುದು ಗರಿಷ್ಠ ಮಿತಿ. ಕೆನಡಾ 2021ರಲ್ಲಿ ಅದೇ ಮಿತಿಯನ್ನು ಜಾರಿಗೊಳಿಸಿತು. ಮಕ್ಕಳ ಕೈಗೆ ಸುಲಭವಾಗಿ ಸಿಗುತ್ತಿವೆ ಮತ್ತು ಪರಿಸರವನ್ನು ಕೆಡಿಸುತ್ತಿವೆ ಎಂಬ ಕಾರಣಕ್ಕೆ ಬ್ರಿಟನ್ 2025ರ ಜೂನ್ 1ರಿಂದ ಬಿಸಾಡುವ ವೇಪ್‌ಗಳ ಮಾರಾಟವನ್ನೇ ನಿಷೇಧಿಸಿತು. ನಮ್ಮ ಮಕ್ಕಳ ಚೀಲದಲ್ಲಿರುವ ‘ಬರೀ ಐದು’ ಈ ದೇಶಗಳ ಮಿತಿಯ ಎರಡೂವರೆ ಪಟ್ಟು.

ನಮ್ಮ ದೇಶದ ಕಾನೂನೇನು? ಕರ್ನಾಟಕ ಸರಕಾರ 2016ರಲ್ಲಿಯೇ ಇ-ಸಿಗರೇಟನ್ನು ನಿಷೇಧಿಸಿತ್ತು. ಕೇಂದ್ರ ಸರಕಾರ 2019ರ ಸೆಪ್ಟೆಂಬರಿನಲ್ಲಿ ಸುಗ್ರೀವಾಜ್ಞೆ ಹೊರಡಿಸಿ, ಅದೇ ವರ್ಷ ಸಂಸತ್ತಿನಲ್ಲಿ ಕಾಯ್ದೆಯನ್ನಾಗಿಸಿತು. ಅದರ ಪ್ರಕಾರ ತಯಾರಿ, ಆಮದು, ಸಾಗಾಟ, ಮಾರಾಟ, ಜಾಹೀರಾತು ಎಲ್ಲವೂ ಅಪರಾಧ. ಮೊದಲ ಬಾರಿಗೆ ಒಂದು ವರ್ಷದವರೆಗೆ ಸೆರೆವಾಸ ಅಥವಾ ಒಂದು ಲಕ್ಷ ರೂಪಾಯಿಯವರೆಗೆ ದಂಡ ಅಥವಾ ಎರಡೂ. ಮರುಕಳಿಸಿದರೆ ಮೂರು ವರ್ಷ ಸೆರೆವಾಸ ಮತ್ತು ಐದು ಲಕ್ಷ ದಂಡದವರೆಗೆ. ದಾಸ್ತಾನು ಇಟ್ಟುಕೊಂಡವರಿಗೆ ಆರು ತಿಂಗಳ ಸೆರೆವಾಸ ಅಥವಾ 50,000 ರೂಪಾಯಿಯ ದಂಡ ಅಥವಾ ಎರಡೂ ಆಗಬಹುದು. ಅದೇ 2019ರಲ್ಲಿ ಯುಎಇ ಇವುಗಳ ಮಾರಾಟಕ್ಕೆ ಅನುಮತಿ ನೀಡಿತು. ಅಲ್ಲಿ ಅಂಗಡಿಯಲ್ಲಿ ರಶೀದಿ ಕೊಟ್ಟು ಮಾರುವ ವಸ್ತು ಇಲ್ಲಿಯ ವಿಮಾನ ನಿಲ್ದಾಣದಲ್ಲಿ ಇಳಿಯುವಾಗ ನಿಷಿದ್ಧ ಸರಕಾಗುತ್ತದೆ. ಗಲ್ಫ್‌ನಲ್ಲಿ ಬೆವರು ಸುರಿಸುವ ನಮ್ಮ ಸಹೋದರರು ಇದನ್ನು ಗಂಭೀರವಾಗಿ ಗಮನಿಸಬೇಕು. ಅಲ್ಲಿ ಸಿಗುತ್ತದೆ ಎಂಬುದು ಇಲ್ಲಿಗೆ ತರಲು ಪರವಾನಿಗೆಯಲ್ಲ.

ನಿಷೇಧವಿರುವುದರಿಂದ ಇನ್ನೊಂದು ಪರಿಣಾಮವೂ ಇದೆ. ನಮ್ಮಲ್ಲಿ ಸಿಗುವ ವೇಪ್ ಕಳ್ಳದಾರಿಯಿಂದ ಬಂದದ್ದು. ಅದರ ಮೇಲೆ ಬರೆದಿರುವ ಎರಡು, ಐದು ಅಥವಾ ಸೊನ್ನೆ ಎಂಬ ಅಂಕಿ ಸರಿಯೇ ಎಂದು ಮಾರಾಟಕ್ಕೆ ಮುನ್ನ ಪರೀಕ್ಷಿಸುವವರು ಇಲ್ಲಿ ಯಾರೂ ಇಲ್ಲ. ತಕ್ಕಡಿ ಕಳ್ಳನ ಕೈಯಲ್ಲಿದೆ, ತೂಕದ ಕಲ್ಲನ್ನೂ ಅವನೇ ಮಾಡಿದ್ದಾನೆ.

ಸಹೋದರರೇ, ಪವಿತ್ರ ಕುರ್‌ಆನ್ ಅಳತೆ ಮತ್ತು ತೂಕದ ವಿಷಯವನ್ನು ಎಷ್ಟು ಗಂಭೀರವಾಗಿ ಪರಿಗಣಿಸಿದೆ ಎಂಬುದನ್ನು ನೆನಪಿಸಿಕೊಳ್ಳಿ. ಪ್ರವಾದಿ ಶುಐಬ್(ಅ)ರ ಜನಾಂಗದ ಮೇಲಿದ್ದ ದೊಡ್ಡ ಆರೋಪಗಳಲ್ಲಿ ಒಂದು ತೂಕದಲ್ಲಿ ವಂಚಿಸುತ್ತಿದ್ದರೆಂಬುದು. ಅಳತೆಯಲ್ಲಿ ಮೋಸ ಮಾಡುವವರ ಹೆಸರಿನಲ್ಲಿಯೇ ಒಂದು ಅಧ್ಯಾಯವಿದೆ. ಅರ್‍ರಹ್ಮಾನ್ ಅಧ್ಯಾಯದಲ್ಲಿ ಆಕಾಶದ ಉಲ್ಲೇಖದೊಂದಿಗೇ ತಕ್ಕಡಿಯ ಉಲ್ಲೇಖವೂ ಬಂದಿದೆ. ನಾವು ಇದನ್ನು ಕಿರಾಣಿ ಅಂಗಡಿಯ ತಕ್ಕಡಿಗೆ ಸೀಮಿತಗೊಳಿಸಿಬಿಟ್ಟೆವು. ವಿಷದ ಪ್ರಮಾಣವನ್ನು ಮಕ್ಕಳಿಗೆ ಅರ್ಥವಾಗದ ರೀತಿಯಲ್ಲಿ ಮುದ್ರಿಸಿ, ಹಣ್ಣಿನ ಚಿತ್ರದಡಿ ಬಚ್ಚಿಡುವುದು ತೂಕದ ಮೋಸವಲ್ಲದೆ ಮತ್ತೇನು?

ಇದು ಹಲಾಲೋ ಹರಾಮೋ ಎಂದು ಯುವಕರು ಕೇಳುತ್ತಾರೆ. ಈ ಪ್ರಶ್ನೆಗೆ ನಾಲ್ಕು ಶತಮಾನಗಳ ಇತಿಹಾಸವಿದೆ ಮತ್ತು ಅದರಲ್ಲಿ ನಮ್ಮ ಕರ್ನಾಟಕಕ್ಕೂ ಒಂದು ಪಾತ್ರವಿದೆ. 1604ರ ಸುಮಾರಿಗೆ ಅಕ್ಬರನ ದೂತನಾಗಿ ಬಿಜಾಪುರಕ್ಕೆ, ಅಂದರೆ ಇಂದಿನ ವಿಜಯಪುರಕ್ಕೆ ಬಂದಿದ್ದ ಅಸದ್ ಬೇಗ್ ಎಂಬವನು ಹಿಂತಿರುಗುವಾಗ ತಂಬಾಕನ್ನೂ ಸುಂದರವಾದ ಕೊಳವೆಯೊಂದನ್ನೂ ಕೊಂಡೊಯ್ದನು. ಅವನೇ ಬರೆದಿಟ್ಟಂತೆ, ಅದುವರೆಗೆ ಆ ಆಸ್ಥಾನ ತಂಬಾಕನ್ನು ಕಂಡಿರಲಿಲ್ಲ. ಅಕ್ಬರನು ಕುತೂಹಲದಿಂದ ಒಂದೆರಡು ಬಾರಿ ಎಳೆದನು. ಆಗ ಹಕೀಮರು ತಡೆದರು. ಇದು ಪರೀಕ್ಷಿಸದ ವಸ್ತು, ನಮ್ಮ ವೈದ್ಯಗ್ರಂಥಗಳು ಇದರ ಬಗ್ಗೆ ಏನೂ ಹೇಳಿಲ್ಲ ಎಂಬುದು ಅವರ ಆಕ್ಷೇಪವಾಗಿತ್ತು. ಪರದೇಶದವರು ಬಳಸುತ್ತಾರಲ್ಲ ಎಂಬುದು ಅಸದ್ ಬೇಗನ ವಾದ. ಹಕೀಮರ ಮಾತಿಗೆ ಬೆಲೆ ಬರಲಿಲ್ಲ. ಅಮೀರರು ಅಭ್ಯಾಸ ಮಾಡಿಕೊಂಡರು, ವ್ಯಾಪಾರಿಗಳು ಮಾರತೊಡಗಿದರು. 1617ರಲ್ಲಿ ಜಹಾಂಗೀರನು ನಿಷೇಧದ ಆಜ್ಞೆ ಹೊರಡಿಸುವಾಗ ತಡವಾಗಿತ್ತು. ಅಂದಿನ ಅಸದ್ ಬೇಗನ ವಾದವೇ ಇಂದು ನಮ್ಮ ಮಕ್ಕಳ ಬಾಯಲ್ಲೂ ಇದೆ: ಹೊರದೇಶದಲ್ಲಿ ಎಲ್ಲರೂ ಬಳಸುತ್ತಾರಲ್ಲ!

ತಂಬಾಕು ಮುಸ್ಲಿಮ್ ನಾಡುಗಳಿಗೆ ಬಂದದ್ದೇ ತಡವಾಗಿ. ಆದ್ದರಿಂದ ಪ್ರಾಚೀನ ಫಿಕ್ಹ್ ಗ್ರಂಥಗಳಲ್ಲಿ ಅದರ ಹೆಸರಿಲ್ಲ. ವಿದ್ವಾಂಸರಲ್ಲಿ ಭಿನ್ನಾಭಿಪ್ರಾಯ ಉಂಟಾಯಿತು. ಉಸ್ಮಾನೀ ಸುಲ್ತಾನ ನಾಲ್ಕನೇ ಮುರಾದ್ 1633ರಲ್ಲಿ ಮರಣದಂಡನೆಯ ಬೆದರಿಕೆಯೊಂದಿಗೆ ನಿಷೇಧಿಸಿದರೆ, ಅದೇ ಶತಮಾನದಲ್ಲಿ ದಮಸ್ಕಸ್‌ನ ಅಬ್ದುಲ್ ಗನೀ ನಾಬುಲುಸಿಯವರು ಅದು ಅನುವದನೀಯವೆಂದು ಗ್ರಂಥವನ್ನೇ ಬರೆದರು. ಅವರ ಕಾಲದಲ್ಲಿ ಕ್ಯಾನ್ಸರಿನ ಜ್ಞಾನವಿರಲಿಲ್ಲ, ನಿಕೋಟಿನ್ ಎಂಬ ಹೆಸರೂ ಇರಲಿಲ್ಲ. ಹಾನಿಯ ಜ್ಞಾನ ಹೆಚ್ಚಿದಂತೆ ವಿದ್ವಾಂಸರ ನಿಲುವೂ ಬಿಗಿಯಾಯಿತು. ಮಲೇಷ್ಯಾದ ರಾಷ್ಟ್ರೀಯ ಫತ್ವಾ ಮಂಡಳಿಯು 2015ರ ಡಿಸೆಂಬರಿನಲ್ಲಿ ವೇಪ್ ಹರಾಮ್ ಎಂದು ಘೋಷಿಸಿತು. ಇಂಡೋನೇಷ್ಯಾದ ಮುಹಮ್ಮದಿಯಾ ಸಂಘಟನೆ 2020ರಲ್ಲಿ ಅದೇ ತೀರ್ಮಾನಕ್ಕೆ ಬಂದಿತು. ತಮ್ಮ ಕೈಗಳಿಂದಲೇ ತಮ್ಮನ್ನು ನಾಶಕ್ಕೆ ತಳ್ಳಿಕೊಳ್ಳಬಾರದೆಂಬ ಕುರ್‌ಆನಿನ ಆದೇಶವೂ, ಹಾನಿಗೊಳಗಾಗಬಾರದು, ಹಾನಿ ಮಾಡಲೂ ಬಾರದು ಎಂಬ ಪ್ರವಾದಿ(ಸ)ರ ಬೋಧನೆಯೂ ಇದಕ್ಕೆ ಆಧಾರ.

ಹೆಚ್ಚಾದಾಗ ಅಮಲೇರಿಸುವ ವಸ್ತುವಿನ ಅಲ್ಪ ಪ್ರಮಾಣವೂ ನಿಷಿದ್ಧ ಎಂಬ ಪ್ರವಾದಿ ವಚನವನ್ನು ಕೆಲವರು ಇಲ್ಲಿ ಉಲ್ಲೇಖಿಸುತ್ತಾರೆ. ನಿಕೋಟಿನ್ ಮದ್ಯದಂತೆ ಅಮಲೇರಿಸುವುದಿಲ್ಲವಾದ್ದರಿಂದ ಆ ವಿಧಿಯನ್ನು ನೇರವಾಗಿ ಇದಕ್ಕೆ ಅನ್ವಯಿಸುವುದು ಸರಿಯಲ್ಲ ಎಂದು ನನ್ನ ಭಾವನೆ. ಆದರೆ ಅದರ ಹಿಂದಿರುವ ಎಚ್ಚರಿಕೆ ಇಲ್ಲಿಗೂ ಬೇಕು. ಅಲ್ಪವೆಂಬುದೇ ಬಾಗಿಲು.

ಪ್ರಾಮಾಣಿಕತೆಗಾಗಿ ಇನ್ನೊಂದು ಮಾತನ್ನೂ ಹೇಳಬೇಕು. ಸಿಗರೇಟಿಗಿಂತ ವೇಪ್ ಕಡಿಮೆ ಅಪಾಯಕಾರಿ ಎಂದು ಬ್ರಿಟನ್ನಿನ ಆರೋಗ್ಯ ಸಂಸ್ಥೆಗಳು ಹೇಳಿವೆ. ಇದು ಸುಳ್ಳಲ್ಲ. ತಂಬಾಕು ಉರಿಯದಿರುವುದರಿಂದ ಟಾರು ಮತ್ತು ಇಂಗಾಲದ ಮಾನಾಕ್ಸೈಡ್‌ನ ಹಾವಳಿ ಇಲ್ಲಿ ಇಲ್ಲವೆಂಬಷ್ಟು ಕಡಿಮೆ. ಆದರೆ ಆ ಮಾತು ವರ್ಷಗಟ್ಟಲೆ ಸಿಗರೇಟು ಸೇದಿ, ಅದನ್ನು ಸಂಪೂರ್ಣ ಬಿಟ್ಟು ಇದಕ್ಕೆ ಬದಲಾಯಿಸಿಕೊಳ್ಳುವ ವಯಸ್ಕರ ಕುರಿತಾದುದು. ಎಂದೂ ಸೇದದ 16ರ ಹುಡುಗನಿಗೆ ಅದೇ ಸಂಸ್ಥೆಗಳು ಇದನ್ನು ಮುಟ್ಟಬೇಡ ಎನ್ನುತ್ತವೆ. ಉರಿಯುವ ಮನೆಯಿಂದ ಕಿಟಕಿಯ ಮೂಲಕ ಹಾರುವವನಿಗೆ ನೀಡುವ ಸಲಹೆಯನ್ನು ಅಂಗಳದಲ್ಲಿ ಆಡುವ ಮಗುವಿಗೆ ನೀಡಲಾಗದು.

ಅಮೆರಿಕದ ಅನುಭವ ನಮಗೆ ಪಾಠವಾಗಬೇಕು. 2015ರಲ್ಲಿ ಜೂಲ್ ಎಂಬ ಪೆನ್‌ಡ್ರೈವಿನಾಕಾರದ ಇ-ಸಿಗರೇಟು ಐದು ಶೇಕಡಾ ನಿಕೋಟಿನ್ ಸಾಲ್ಟ್‌ನೊಂದಿಗೆ ಮಾರುಕಟ್ಟೆಗೆ ಬಂತು. ಅದು ತೂಕದ ಲೆಕ್ಕದ ಐದು ಶೇಕಡಾ. ವಾಸ್ತವದಲ್ಲಿ ಒಂದು ಮಿಲಿಲೀಟರಿಗೆ 59 ಮಿಲಿಗ್ರಾಂ. 2018ರಲ್ಲಿ ಅಲ್ಲಿನ ಸರ್ಜನ್ ಜನರಲ್ ಯುವಜನರ ಇ-ಸಿಗರೇಟು ಚಟವನ್ನು ಸಾಂಕ್ರಾಮಿಕವೆಂದು ಘೋಷಿಸಿದರು. ಅದೇ ವರ್ಷದ ಡಿಸೆಂಬರಿನಲ್ಲಿ ಮಾರ್ಲ್‌ಬರೋ ಸಿಗರೇಟಿನ ಒಡೆಯನಾದ ಆಲ್ಟ್ರಿಯಾ ಕಂಪೆನಿ 1,280 ಕೋಟಿ ಡಾಲರ್ ತೆತ್ತು ಜೂಲ್‌ನ 35 ಶೇಕಡಾ ಪಾಲನ್ನು ಖರೀದಿಸಿತು. ಸಿಗರೇಟನ್ನು ಬಿಡಿಸುವ ಸಾಧನವೆಂದು ಹೇಳಿಕೊಂಡದ್ದನ್ನು ಸಿಗರೇಟು ಕಂಪೆನಿಯೇ ಕೊಂಡುಕೊಂಡಿತು! 2019ರ ಸಮೀಕ್ಷೆಯಲ್ಲಿ ಹೈಸ್ಕೂಲು ವಿದ್ಯಾರ್ಥಿಗಳ ಪೈಕಿ 27.5 ಶೇಕಡಾ ಮಂದಿ ಇ-ಸಿಗರೇಟು ಬಳಸುತ್ತಿದ್ದರು. ಬಳಿಕ ಸರಕಾರ, ಶಾಲೆ, ಹೆತ್ತವರು ಎಚ್ಚೆತ್ತುಕೊಂಡರು. 2024ರಲ್ಲಿ ಆ ಪ್ರಮಾಣ 7.8 ಶೇಕಡಾಕ್ಕಿಳಿಯಿತು. ಸಮಾಜ ಮನಸ್ಸು ಮಾಡಿದರೆ ಇಳಿಸಲು ಸಾಧ್ಯ ಎಂಬುದಕ್ಕೆ ಇದು ಸಾಕ್ಷಿ.

ನಮ್ಮ ಸರಕಾರಗಳ ಧೋರಣೆಯನ್ನೂ ಪ್ರಶ್ನಿಸಬೇಕಾಗಿದೆ. ಜನರ ಆರೋಗ್ಯದ ಹೆಸರಿನಲ್ಲಿ ಇ-ಸಿಗರೇಟನ್ನು ನಿಷೇಧಿಸಿದ್ದು ಸ್ವಾಗತಾರ್ಹ. ಆದರೆ ಅದೇ ಜನರ ಆರೋಗ್ಯವನ್ನು ಹಾಳುಗೆಡಹುವ ಸಿಗರೇಟು ಪ್ರತಿಯೊಂದು ಗೂಡಂಗಡಿಯಲ್ಲೂ ಬಿಡಿಬಿಡಿಯಾಗಿ ಸಿಗುತ್ತದೆ. ಸರಕಾರಿ ಒಡೆತನದ ಎಲ್‌ಐಸಿಯು ದೇಶದ ಅತಿದೊಡ್ಡ ಸಿಗರೇಟು ಕಂಪೆನಿಯಾದ ಐಟಿಸಿಯಲ್ಲಿ ದೊಡ್ಡ ಪಾಲುದಾರ. ಶಾಲೆಯಿಂದ ನೂರು ಗಜದೊಳಗೆ ತಂಬಾಕು ಮಾರಬಾರದೆಂಬ ಕಾನೂನು 2003ರಿಂದಲೇ ಇದೆ. ಕರ್ನಾಟಕದ ಶಾಸಕಾಂಗವು 2024ರಲ್ಲಿ ತಿದ್ದುಪಡಿ ತಂದು ತಂಬಾಕು ಖರೀದಿಯ ಕನಿಷ್ಠ ಪ್ರಾಯವನ್ನು 21ಕ್ಕೇರಿಸಿತು, ಹುಕ್ಕಾ ಬಾರ್‌ಗಳನ್ನು ನಿಷೇಧಿಸಿತು. ಕಾಗದದಲ್ಲಿ ಕೊರತೆಯಿಲ್ಲ. ನಿಮ್ಮ ಮಗುವಿನ ಶಾಲೆಯ ಗೇಟಿನಿಂದ ನೂರು ಗಜ ನಡೆದು ನೋಡಿ, ಕಾನೂನಿನ ಸ್ಥಿತಿ ನಿಮಗೇ ತಿಳಿಯುತ್ತದೆ.

ಆದರೆ ಸರಕಾರದತ್ತ ಒಂದು ಬೆರಳು ತೋರಿಸುವಾಗ ಉಳಿದ ಬೆರಳುಗಳು ನಮ್ಮತ್ತ ತಿರುಗಿರುತ್ತವೆ. ಕಹಿಯಾದರೂ ಕೆಲವು ಮಾತುಗಳನ್ನು ಹೇಳಲೇಬೇಕು. ಗುಟ್ಕಾ, ಸಿಗರೇಟು ಮಾರುವ, ಕೌಂಟರಿನ ಕೆಳಗಿಂದ ವೇಪ್ ತೆಗೆದುಕೊಡುವ ಅಂಗಡಿಗಳಲ್ಲಿ ನಮ್ಮವರ ಅಂಗಡಿಗಳೂ ಇಲ್ಲವೇ? ಅವರ ದೇಣಿಗೆಯನ್ನು ಮಸೀದಿಯ ಕಾರ್ಯಕ್ಕೆ ಸ್ವೀಕರಿಸುವಾಗ ನಾವು ಒಂದು ಮಾತನ್ನಾದರೂ ಕೇಳಿದ್ದೇವೆಯೇ? ನಾನು ಕಲಿತ ಮದ್ರಸದಲ್ಲಿ ಧೂಮಪಾನದ ಮಕ್ರೂಹ್ ವಿಧಿಯನ್ನು ಕಲಿಸಿದ ಉಸ್ತಾದರೊಬ್ಬರು ಪಾಠ ಮುಗಿಸಿ ಕಟ್ಟಡದ ಹಿಂದೆ ಬೀಡಿ ಹಚ್ಚುತ್ತಿದ್ದರು. ನಾವು ಮಕ್ಕಳು ಕಿಟಕಿಯಿಂದ ನೋಡುತ್ತಿದ್ದೆವು. ಪಾಠ ಮರೆತುಹೋಯಿತು, ಆ ದೃಶ್ಯ ಮರೆತಿಲ್ಲ. ಕರಾವಳಿಯ ಎಷ್ಟೋ ಮನೆಗಳಲ್ಲಿ ತಾಯಂದಿರು ಬೀಡಿ ಕಟ್ಟಿಯೇ ನಮಗೆ ಅನ್ನ, ಅಕ್ಷರ ನೀಡಿದರು. ಅವರ ಬೆವರನ್ನು ನಾನು ಗೌರವಿಸುತ್ತೇನೆ. ಬೇರೆ ದಾರಿ ಕಾಣದ ಬಡವರ ದುಡಿಮೆ ಅದು. ಆದರೆ ಅದೇ ಕಾರಣದಿಂದ ತಂಬಾಕಿನ ವಿಷಯದಲ್ಲಿ ನಮ್ಮ ನಾಲಗೆ ತಡವರಿಸುತ್ತಾ ಬಂದಿದೆ ಎಂಬುದನ್ನು ಒಪ್ಪಿಕೊಳ್ಳೋಣ.

ಮಾದಕ ವಸ್ತುವಿನ ಪ್ರಕರಣದಲ್ಲಿ ನಮ್ಮ ಹುಡುಗನೊಬ್ಬ ಸಿಕ್ಕಿಬಿದ್ದರೆ ಕೆಲವು ಮಾಧ್ಯಮಗಳಿಗೆ ಅವನ ಅಪರಾಧಕ್ಕಿಂತ ಅವನ ಹೆಸರೇ ದೊಡ್ಡ ಸುದ್ದಿಯಾಗುತ್ತದೆ. ಅದು ಅನ್ಯಾಯ. ಆದರೆ ಆ ಅನ್ಯಾಯದ ಭಯದಿಂದ ಮನೆಯೊಳಗಿನ ರೋಗವನ್ನು ಮುಚ್ಚಿಡುವುದು ನಮ್ಮ ಮಕ್ಕಳ ಮೇಲೆ ನಾವೇ ಎಸಗುವ ಅನ್ಯಾಯ.

ಈಗ ಮಾಡಬೇಕಾದುದೇನು? ಮೊದಲನೆಯದಾಗಿ, ಹೆತ್ತವರು ಓದಲು ಕಲಿಯಬೇಕು. ಶೇಕಡಾವನ್ನು ಹತ್ತರಿಂದ ಗುಣಿಸಿ, ಬಂದದ್ದನ್ನು ಮಿಲಿಲೀಟರಿನಿಂದ ಗುಣಿಸಿ. ಈ ಲೆಕ್ಕವನ್ನು ಮಕ್ಕಳ ಜೊತೆ ಕುಳಿತು ಮಾಡಿ. ಅವರೇ ಉತ್ತರ ಹೇಳಲಿ. ಹೊಡೆತಕ್ಕಿಂತ ಆ ಉತ್ತರ ಪರಿಣಾಮಕಾರಿ. ಎರಡನೆಯದಾಗಿ, ಸೂಚನೆಗಳನ್ನು ಗಮನಿಸಿ. ಕೋಣೆಯಲ್ಲಿ ಕಾರಣವಿಲ್ಲದ ಹಣ್ಣಿನ ಪರಿಮಳ, ಪದೇ ಪದೇ ಹೊರಗೆ ಹೋಗುವುದು, ನಿದ್ದೆಗೇಡು, ಅಕಾರಣ ಸಿಡುಕು ಕಂಡರೆ ಪ್ರೀತಿಯಿಂದ ಕೇಳಿ. ಮೂರನೆಯದಾಗಿ, ಮನೆಯಲ್ಲಿ ಪುಟ್ಟ ಮಕ್ಕಳಿದ್ದರೆ ಹೆಚ್ಚಿನ ಎಚ್ಚರವಿರಲಿ. ಈ ದ್ರಾವಣ ಬಾಯಿಗೆ ಹೋದರೆ ವಾಂತಿ, ಬೆವರು, ಎದೆಬಡಿತದಿಂದ ಆರಂಭವಾಗಿ ಪ್ರಾಣಕ್ಕೇ ಕುತ್ತು ಬರಬಹುದು. 2014ರ ಡಿಸೆಂಬರಿನಲ್ಲಿ ಅಮೆರಿಕದ ನ್ಯೂಯಾರ್ಕ್ ರಾಜ್ಯದಲ್ಲಿ ಪುಟ್ಟ ಮಗುವೊಂದು ನಿಕೋಟಿನ್ ದ್ರಾವಣ ಕುಡಿದು ಸಾವನ್ನಪ್ಪಿತ್ತು. ಹಾಗೇನಾದರೂ ಆದರೆ ಒಂದು ಕ್ಷಣವನ್ನೂ ವ್ಯರ್ಥಗೊಳಿಸದೆ ಆಸ್ಪತ್ರೆಗೆ ಧಾವಿಸಿ.

ನಾಲ್ಕನೆಯದಾಗಿ, ಚಟಕ್ಕೆ ಬಿದ್ದವನನ್ನು ರೋಗಿಯಂತೆ ಕಾಣಿ. ಕೇಂದ್ರ ಸರಕಾರದ ತಂಬಾಕು ತ್ಯಜಿಸುವ ಉಚಿತ ಸಹಾಯವಾಣಿ ಇದೆ: 1800-11-2356. ಬೆಂಗಳೂರಿನ ನಿಮ್ಹಾನ್ಸ್ ಅದರ ಪ್ರಾದೇಶಿಕ ಕೇಂದ್ರಗಳಲ್ಲಿ ಒಂದು. ನಿಕೋಟಿನ್ ಚಟ ಬಿಡಿಸಲು ಎರಡು ಮತ್ತು ನಾಲ್ಕು ಮಿಲಿಗ್ರಾಂನ ಚ್ಯೂಯಿಂಗ್ ಗಮ್‌ಗಳಿವೆ. ಅವುಗಳ ಅಗತ್ಯವಿದೆಯೇ ಎಂಬುದನ್ನು ವೈದ್ಯರು ನಿರ್ಧರಿಸಲಿ. ಔಷಧಕ್ಕೂ ಅಳತೆಯಿದೆ ಎಂಬುದನ್ನು ಗಮನಿಸಿ. ಅಲ್ಲಿ ಎರಡು ಮಿಲಿಗ್ರಾಂಗೂ ವೈದ್ಯರನ್ನು ಕೇಳಿ ಎನ್ನುತ್ತೇವೆ, ಇಲ್ಲಿ 500 ಮಿಲಿಗ್ರಾಂ ಮಗುವಿನ ಜೇಬಿನಲ್ಲಿದೆ.

ಕೊನೆಯದಾಗಿ, ಜಮಾಅತ್ ಕಮಿಟಿಗಳಲ್ಲಿ ನನ್ನ ವಿನಂತಿ. ವರ್ಷಕ್ಕೊಂದು ಜುಮಾ ಖುತ್ಬಾವನ್ನು ಈ ವಿಷಯಕ್ಕೆ ಮೀಸಲಿಡಿ ಮತ್ತು ಅಂದು ಖತೀಬರೊಂದಿಗೆ ವೈದ್ಯರೊಬ್ಬರೂ ನಮಾಝಿನ ಬಳಿಕ ಮಾತನಾಡಲಿ. ಮೊಹಲ್ಲಾದ ಅಂಗಡಿಯವರನ್ನು ಕರೆದು, ಅವಮಾನಿಸದೆ, ತಿಳಿಹೇಳಿ. ರಮಝಾನ್ ಬರುವ ಮುನ್ನ ಚಟ ಬಿಡಲು ಬಯಸುವ ಯುವಕರ ಒಂದು ಗುಂಪನ್ನು ಮಾಡಿ. ಹಗಲಿಡೀ ಹಸಿವು ಬಾಯಾರಿಕೆಗಳನ್ನು ಗೆಲ್ಲುವ ಯುವಕ ಇದನ್ನೂ ಗೆಲ್ಲಬಲ್ಲ. ಇಫ್ತಾರಿನ ನಂತರದ ಮೊದಲ ಒಂದು ಗಂಟೆ ಅವನ ಜೊತೆ ಯಾರಾದರೂ ಇದ್ದರೆ ಸಾಕು.

ಆ ತಾಯಿಯ ಮನೆಗೆ ನಾನು ಮತ್ತೆ ಹೋಗಿದ್ದೆ. ಒಂದು ಹಾಳೆಯ ಮೇಲೆ ಈ ಲೆಕ್ಕವನ್ನು ಬರೆದುಕೊಂಡು ಹೋಗಿದ್ದೆ. ಹುಡುಗನೇ ಗುಣಾಕಾರ ಮಾಡಿದ. 160 ಎಂಬ ಉತ್ತರ ಬಂದಾಗ ಅವನು ಮತ್ತೊಮ್ಮೆ ಲೆಕ್ಕ ಹಾಕಿದ. ಆಮೇಲೆ ಹಾಳೆಯನ್ನು ಮಡಚಿ ಜೇಬಿನಲ್ಲಿಟ್ಟುಕೊಂಡ. ಅವನು ಎರಡು ಬಾರಿ ಬಿಟ್ಟು ಮತ್ತೆ ಹಿಡಿದಿದ್ದಾನೆ. ಈಗ ಮೂರನೆಯ ಪ್ರಯತ್ನದಲ್ಲಿದ್ದಾನೆ. ಅವನ ತಾಯಿ ಈಗ ಗದರಿಸುವುದಿಲ್ಲ, ಇಶಾ ನಮಾಝಿಗೆ ಅವನ ತಂದೆ ಅವನೊಂದಿಗೇ ಮಸೀದಿಗೆ ನಡೆದು ಹೋಗುತ್ತಾರೆ. ಅವನಿಗಾಗಿ ನೀವೂ ಪ್ರಾರ್ಥಿಸಿರಿ.

ನಮ್ಮ ಸಂತಾನವು ನಮ್ಮ ಕೈಗೆ ಒಪ್ಪಿಸಲಾದ ಅಮಾನತ್ತು. ನಾಳೆ ಪರಲೋಕದಲ್ಲಿ ತಕ್ಕಡಿಯನ್ನು ನಿಲ್ಲಿಸಲಾಗುವಾಗ, ಮಕ್ಕಳ ಜೇಬಿನಲ್ಲಿದ್ದುದನ್ನು ತೂಗಿ ನೋಡಿದ್ದೆವೆಂದು ಹೇಳುವಷ್ಟಾದರೂ ನಾವು ಅರ್ಹರಾಗಿರೋಣ. ಅಲ್ಲಾಹನು ನಮ್ಮ ಮಕ್ಕಳನ್ನು ಕಾಪಾಡಲಿ. ಆಮೀನ್.

ವಸ್ಸಲಾಮು ಅಲೈಕುಮ್.